ಫ್ರಿಸ್ಕೋ, ಪ್ಲೇನೋ ಶಾಲಾ ತೆರಿಗೆ: ಮನೆ ಬಿಲ್ ಏರ್ತಾ ಇದೆ, ಶಾಲೆಗೆ ದುಡ್ಡು ಯಾಕಿಲ್ಲ?

ಅರಸೀಕೆರೆ ಎಕ್ಸ್‌ಪ್ರೆಸ್

ಎಲ್ಲರಿಗೂ ನಮಸ್ಕಾರ. ಸದ್ಯ ಟೆಕ್ಸಸ್ಸಿನ ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ಬಾಡಿಗೆಗೆ ಇದ್ದೀವಿ, ಮಗಳು ಬರೋ ವರ್ಷ ಕಿಂಡರ್‌ಗಾರ್ಟನ್ನಿಗೆ. ಫ್ರಿಸ್ಕೋ, ಪ್ಲೇನೋ ಕಡೆ ಮನೆ ನೋಡ್ತಾ ಇದ್ದೀವಿ. ಏಜೆಂಟ್ ಪ್ರತಿ ಮನೆ ಮುಂದೆ ನಿಂತಾಗಲೂ "ಸ್ಕೂಲ್ ಸೂಪರ್" ಅನ್ನೋ ಒಂದೇ ಮಂತ್ರ ಹೇಳ್ತಾರೆ. ಸುದ್ದಿ ಓದಿದ್ರೆ ಬೇರೆ ಕಥೆ. 2024ರಲ್ಲಿ ಪ್ಲೇನೋದವರು ನಾಲ್ಕು ಶಾಲೆ ಮುಚ್ಚೋ ತೀರ್ಮಾನ ಮಾಡಿದ್ರು. ಅದೇ ವರ್ಷ ನವೆಂಬರಲ್ಲಿ ಫ್ರಿಸ್ಕೋ ಮತದಾರರು ಸುಮಾರು 1.08 ಬಿಲಿಯನ್ ಡಾಲರ್ ಬಾಂಡ್ (ಶಾಲೆಗಳಿಗೆ ಎತ್ತೋ ಸಾಲ) ಬೇಡ ಅಂದ್ರು, ಜೊತೆಗೆ ಬಂದ ತೆರಿಗೆ ಏರಿಕೆಯನ್ನೂ ಬೇಡ ಅಂದ್ರು. ಆರು ಲಕ್ಷ, ಏಳು ಲಕ್ಷ ಡಾಲರ್ ಮನೆಗಳ ಮಧ್ಯೆ ಶಾಲೆಗೆ ದುಡ್ಡಿಲ್ಲ ಅಂದ್ರೆ ನಂಗೆ ಅರ್ಥ ಆಗ್ತಿಲ್ಲ. ಈ ಐಎಸ್‌ಡಿಗಳನ್ನ, ಅಂದ್ರೆ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನೋ ಶಾಲಾ ಜಿಲ್ಲೆಗಳನ್ನ, ನಡೆಸೋರು ಯಾರು? ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ? ಇಲ್ಲೇ ಇದ್ದು ಮಕ್ಕಳನ್ನ ಓದಿಸಿದವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಕಾಲಿನ್ ಕೌಂಟಿ ಹಳಬ

ಒಳ್ಳೇ ಪ್ರಶ್ನೆ. ನಮ್ಮವರಲ್ಲಿ ಮುಕ್ಕಾಲುಪಾಲು ಜನ ಇದನ್ನ ಮನೆ ತಗೊಂಡು ಮೊದಲ ಬಿಲ್ ಬಂದ ಮೇಲೆ ಕೇಳ್ತಾರೆ. ಆಡಳಿತದಿಂದ ಶುರು ಮಾಡ್ತೀನಿ.

ಐಎಸ್‌ಡಿ ಅನ್ನೋದು ಊರಿನ ಪುರಸಭೆಗೂ ಸೇರಿದ್ದಲ್ಲ, ಕೌಂಟಿಗೂ ಸೇರಿದ್ದಲ್ಲ. ಅದೇ ಒಂದು ಸರ್ಕಾರ. ತಾನೇ ತೆರಿಗೆ ಹಾಕುತ್ತೆ, ತಾನೇ ಸಾಲ ಎತ್ತುತ್ತೆ, ಅದರ ಗಡಿ ಕೂಡ ಬೇರೆ. ಫ್ರಿಸ್ಕೋ ಐಎಸ್‌ಡಿ ಒಳಗೆ ಪ್ಲೇನೋ, ಮೆಕಿನ್ನಿ ಊರುಗಳ ತುಂಡುಗಳೂ ಬರ್ತವೆ. ಫ್ರಿಸ್ಕೋ ಊರಲ್ಲೇ ಇದ್ದು ಪ್ರಾಸ್ಪರ್ ಅಥವಾ ಲೂಯಿಸ್‌ವಿಲ್ ಐಎಸ್‌ಡಿಗೆ ಹೋಗೋ ಮನೆಗಳೂ ಇವೆ. ಅಂಚೆ ವಿಳಾಸ ನೋಡಿ ಮೋಸ ಹೋಗಬೇಡಿ.

ಮೇಲೆ ಏಳು ಜನ ಟ್ರಸ್ಟಿಗಳು. ಫ್ರಿಸ್ಕೋದಲ್ಲಿ ಮೂರು ವರ್ಷದ ಅವಧಿ, ಪ್ಲೇನೋದಲ್ಲಿ ನಾಲ್ಕು. ಸಂಬಳ ಇಲ್ಲ, ಟೆಕ್ಸಸ್ ಕಾನೂನೇ ಹಾಗೆ. ಚುನಾವಣೆ ಮೇ ತಿಂಗಳ ಮೊದಲ ಶನಿವಾರ. ಒಂದೊಂದು ಸ್ಥಾನಕ್ಕೂ ಇಡೀ ಜಿಲ್ಲೆ ಓಟ್ ಹಾಕುತ್ತೆ, ವಾರ್ಡ್ ಅನ್ನೋದಿಲ್ಲ. ಇದು ಅಲ್ಪಸಂಖ್ಯಾತರ ಮತದ ಬೆಲೆ ಕಡಿಮೆ ಮಾಡುತ್ತೆ ಅಂತ ಫ್ರಿಸ್ಕೋ ಮೇಲೆ 2019ರಲ್ಲಿ ಕೇಸ್ ಆಗಿತ್ತು, ಫೆಡರಲ್ ಕೋರ್ಟ್ ಜಿಲ್ಲೆಯ ಪರ ತೀರ್ಪು ಕೊಟ್ಟಿತು. ಟ್ರಸ್ಟಿಗಳು ಮಾಡೋ ದೊಡ್ಡ ಕೆಲಸ ಸೂಪರಿಂಟೆಂಡೆಂಟ್‌ನ ನೇಮಿಸೋದು. ಆಮೇಲೆ ಬಜೆಟ್, ತೆರಿಗೆ ದರ, ಯಾವ ಬೀದಿ ಯಾವ ಶಾಲೆಗೆ ಅನ್ನೋ ಗೆರೆ. ಪಠ್ಯಕ್ರಮ, ಪರೀಕ್ಷೆ, ದುಡ್ಡಿನ ಸೂತ್ರ ಮೂರೂ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ ತೀರ್ಮಾನ ಆಗೋದು. ಅಂದ್ರೆ ಬೈಗುಳ ತಿನ್ನೋದು ಇವರು, ಕೀಲಿಕೈ ಇರೋದು ಅಲ್ಲಿ.

ಹುಬ್ಬಳ್ಳಿ ಮಂದಿ

ಹಳಬ್ರ, ನೀವು ಟ್ರಸ್ಟಿಗಳ್ನ ಭಾಳ ಪಾಪದವರ ಹಂಗ ತೋರಿಸಾಕತ್ತೀರಿ. ನಾ 2024ರಾಗ ಫ್ರಿಸ್ಕೋ ಮತಪತ್ರದಾಗಿದ್ದ ನಾಲ್ಕೂ ಪ್ರಶ್ನಿಗೆ "ಬ್ಯಾಡ" ಅಂತ ಒತ್ತಿದಾಂವ. ಮುಚ್ಚಿಡೂದೇನೈತಿ? ಮನಿ ಅಪ್ರೈಸಲ್ (ತೆರಿಗಿಗೆ ಕಟ್ಟೂ ಬೆಲಿ) ವರ್ಷಾ ವರ್ಷಾ ಏರತೈತಿ, ಬಿಲ್ ಏರತೈತಿ. ಮಕ್ಕಳ ಸಂಖ್ಯಾ ಇಳಿಯಾಕತ್ತೈತಿ. ಅಂಥಾದ್ರಾಗ ಮತ್ತ ಒಂದು ಬಿಲಿಯನ್ ಕೇಳಿದ್ರ ಯಾರ್ ಕೊಡ್ತಾರ್ರಿ? ಫುಟ್‌ಬಾಲ್ ಮೈದಾನಕ್ಕ ರೊಕ್ಕ ಇರತೈತಿ. ಕೌಬಾಯ್ಸ್ ಫುಟ್‌ಬಾಲ್ ಟೀಮಿನ ಫೋರ್ಡ್ ಸೆಂಟರ್‌ನಾಗ ಫ್ರಿಸ್ಕೋ ಐಎಸ್‌ಡಿ 30 ಮಿಲಿಯನ್ ಹಾಕಿತ್ತು. ಬಾಜೂಕಿನ ಆ್ಯಲೆನ್‌ದವರು 60 ಮಿಲಿಯನ್ ಸುರುವಿ 2012ರಾಗ ಹೈಸ್ಕೂಲ್ ಸ್ಟೇಡಿಯಂ ಕಟ್ಟಿದ್ರು, 2014ಕ್ಕ ಕಾಂಕ್ರೀಟ್ ಬಿರುಕ್ ಬಿಟ್ಟು ಬಾಗಲಾ ಹಾಕಿದ್ರು. ಅದನ್ನ ನೋಡಿ ಮಾಸ್ತರ್ ಪಗಾರಕ್ಕ ರೊಕ್ಕ ಇಲ್ಲ ಅಂದ್ರ ನಂಬೂದ ಹೆಂಗ?

ಕಾಲಿನ್ ಕೌಂಟಿ ಹಳಬ

ಹುಬ್ಬಳ್ಳಿ ಸಾಹೇಬ್ರೆ, ಸ್ಟೇಡಿಯಂ ವಿಚಾರದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಆದ್ರೆ ಅಲ್ಲಿ ಎರಡು ಜೇಬು ಇವೆ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕೋಹಾಗಿಲ್ಲ. ತೆರಿಗೆ ದರದಲ್ಲಿ ಒಂದು ಪಾಲು ಎಂ ಅಂಡ್ ಓ: ಸಂಬಳ, ಕರೆಂಟ್, ಡೀಸೆಲ್. ಇನ್ನೊಂದು ಐ ಅಂಡ್ ಎಸ್: ಬಾಂಡ್ ಸಾಲದ ಕಂತು. ಕಟ್ಟಡ, ಬಸ್ಸು, ಎಸಿ, ಕಂಪ್ಯೂಟರ್ ಎಲ್ಲ ಇದರಲ್ಲಿ. ಬಾಂಡ್ ದುಡ್ಡಲ್ಲಿ ಟೀಚರ್‌ಗೆ ಸಂಬಳ ಕೊಡೋದು ಕಾನೂನುಬಾಹಿರ. ಆ್ಯಲೆನ್ ಸ್ಟೇಡಿಯಂ ಕಟ್ಟದೇ ಇದ್ದಿದ್ರೂ ಒಬ್ಬ ಟೀಚರ್‌ಗೂ ಅದು ಸಿಗ್ತಿರ್ಲಿಲ್ಲ.

ಇದು ಉಲ್ಟಾ ಹೊಡೆದದ್ದೂ ಇದೆ. 2016ರ ಆಗಸ್ಟಲ್ಲಿ ಫ್ರಿಸ್ಕೋದವರು ಎಂ ಅಂಡ್ ಓ ಏರಿಸೋಕೆ ಓಟ್ ಕೇಳಿ ಸೋತರು. ಆಗ ಬಾಂಡ್ ದುಡ್ಡಲ್ಲಿ ನಾಲ್ಕು ಹೊಸ ಶಾಲೆ ಕಟ್ಟೋ ಕೆಲಸ ನಡೀತಿತ್ತು. ಕಟ್ಟಡಕ್ಕೆ ದುಡ್ಡಿತ್ತು, ಒಳಗೆ ಪಾಠ ಮಾಡೋರಿಗೆ ಕೊಡೋಕೆ ಇರ್ಲಿಲ್ಲ. ನಾಲ್ಕೂ ಶಾಲೆ ತೆರೆಯೋದನ್ನ ಮುಂದಕ್ಕೆ ಹಾಕಿದ್ರು. 2018ರಲ್ಲಿ ಮತ್ತೆ ಕೇಳಿದಾಗ ಜನ ಒಪ್ಪಿದ್ರು, 691 ಮಿಲಿಯನ್ ಬಾಂಡ್ ಕೂಡ ಅದರ ಜೊತೆಗೇ ಪಾಸಾಯ್ತು.

ಈಗ ನಿಮ್ಮ ಬಿಲ್ ವಿಷಯ. ಗೊಂದಲ ಪೂರ್ತಿ ಇರೋದು ಇಲ್ಲೇ.

ಒಂದು ಜಿಲ್ಲೆಗೆ ಎಷ್ಟು ಸಲ್ಲಬೇಕು ಅಂತ ರಾಜ್ಯದ ಸೂತ್ರ ಹೇಳುತ್ತೆ. ಬುನಾದಿ ಒಂದು ಅಂಕಿ, ಬೇಸಿಕ್ ಅಲಾಟ್‌ಮೆಂಟ್. 2019ರಲ್ಲಿ ಅದನ್ನ ಒಂದು ಮಗುವಿಗೆ 6,160 ಡಾಲರ್ ಮಾಡಿದ್ರು. ಅದಕ್ಕೆ ಇಂಗ್ಲಿಷ್ ಕಲಿಯೋ ಮಕ್ಕಳು, ವಿಶೇಷ ಶಿಕ್ಷಣ, ಬಡತನ ಅಂತ ಒಂದಷ್ಟು ಸೇರಿಸ್ತಾರೆ. ಬಂದ ಒಟ್ಟು ಮೊತ್ತದಲ್ಲಿ ಮೊದಲು ನಮ್ಮ ಆಸ್ತಿ ತೆರಿಗೆಯನ್ನ ಲೆಕ್ಕಕ್ಕೆ ಹಿಡೀತಾರೆ. ಕಮ್ಮಿ ಬಿದ್ದದ್ದನ್ನ ರಾಜ್ಯ ತುಂಬುತ್ತೆ. ಜಿಲ್ಲೆಗೆ 100 ರೂಪಾಯಿ ಸಲ್ಲಬೇಕು, ನಮ್ಮ ತೆರಿಗೆ 70 ಬಂತು ಅಂದ್ಕೊಳ್ಳಿ, ರಾಜ್ಯ 30 ಕೊಡುತ್ತೆ. ಮುಂದಿನ ವರ್ಷ ಮನೆ ಬೆಲೆ ಏರಿ ನಮ್ಮ ತೆರಿಗೆ 80 ಆದ್ರೆ? ಶಾಲೆಗೆ 110 ಸಿಗಲ್ಲ. ಅದೇ 100. ರಾಜ್ಯ 20 ಕೊಟ್ಟು 10 ಉಳಿಸಿಕೊಳ್ಳುತ್ತೆ. ನಮ್ಮ ತೆರಿಗೆ 100 ದಾಟಿದ್ರೆ ದಾಟಿದ್ದನ್ನ ರಾಜ್ಯ ತಗೊಂಡು ಹೋಗುತ್ತೆ. ಅದೇ ರೀಕ್ಯಾಪ್ಚರ್, ಜನ ಕರೆಯೋದು ರಾಬಿನ್ ಹುಡ್ ಅಂತ. ಪ್ಲೇನೋದಿಂದ ಒಂದೇ ವರ್ಷದಲ್ಲಿ 200 ಮಿಲಿಯನ್ ಡಾಲರ್ ಆಸುಪಾಸು ಹೋದ ವರ್ಷಗಳಿವೆ.

2019ರಿಂದ 2025ರವರೆಗೆ ಆ 6,160 ಅಲ್ಲಾಡಲೇ ಇಲ್ಲ. ಆ ಆರು ವರ್ಷದಲ್ಲಿ ಅಕ್ಕಿ ಮೂಟೆ, ಕಾರ್ ಇನ್ಶೂರೆನ್ಸ್ ಎಲ್ಲಿಂದ ಎಲ್ಲಿಗೆ ಹೋಯ್ತು ನೀವೇ ನೋಡಿದ್ದೀರಿ. 2023ರಲ್ಲಿ ರಾಜ್ಯದ ಖಜಾನೆಯಲ್ಲಿ 32.7 ಬಿಲಿಯನ್ ಹೆಚ್ಚುವರಿ ಇತ್ತು. ಆದ್ರೂ ಏರಿಸಲಿಲ್ಲ, ಖಾಸಗಿ ಶಾಲೆ ಫೀಸಿಗೆ ಸರ್ಕಾರದ ದುಡ್ಡು ಕೊಡೋ ವೋಚರ್ ಜೊತೆ ಗಂಟು ಹಾಕಿ ಎರಡೂ ಬಿದ್ದುಹೋದವು. 2025ರಲ್ಲಿ ಕೊನೆಗೂ ಏರಿಸಿದ್ದು 55 ಡಾಲರ್. ಮಗುವಿಗೆ, ವರ್ಷಕ್ಕೆ.

ಇಬಿಟೂ ಕ್ಯೂನಲ್ಲಿ

ಹಳಬ ಸರ್, ಈ ಹಂಚಿಕೆ ಅನ್ಯಾಯ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಯಾಕೆ ಬಂತು ಅಂತ ಯಾರೂ ಹೇಳಲ್ಲ. ನನಗೆ ಗೊತ್ತಿರೋದನ್ನ ಸೇರಿಸ್ತೀನಿ. ಸ್ಯಾನ್ ಆಂಟೋನಿಯೋದ ಎಡ್ಜ್‌ವುಡ್ ಅನ್ನೋ ಬಡ ಜಿಲ್ಲೆಯ ಪೋಷಕರು 1968ರಲ್ಲೇ ಕೋರ್ಟ್ ಮೆಟ್ಟಿಲು ಹತ್ತಿದ್ದರು. ಅಲ್ಲಿ ಎಷ್ಟೇ ತೆರಿಗೆ ಹಾಕಿದ್ರೂ ಶ್ರೀಮಂತ ಜಿಲ್ಲೆಯ ಹತ್ತಿರಕ್ಕೂ ಬರ್ತಿರ್ಲಿಲ್ಲ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಅವರನ್ನ ಸೋಲಿಸಿತು. ಆಮೇಲೆ ಟೆಕ್ಸಸ್ಸಿನದೇ ಸಂವಿಧಾನ ಹಿಡಿದು ಹೋರಾಡಿ, 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಲ್ಲಿ ಒಮ್ಮತದ ತೀರ್ಪು ಗೆದ್ದರು. ಅದರ ಫಲವೇ 1993ರ ರೀಕ್ಯಾಪ್ಚರ್ ಕಾನೂನು. ಅಂದ್ರೆ ನಮ್ಮ ದುಡ್ಡು ಬಡ ಮಕ್ಕಳಿಗೆ ಹೋಗೋದನ್ನ ನಾನು ತಪ್ಪು ಅನ್ನಲ್ಲ. ಕಳ್ಳತನ ಆಗ್ತಿರೋದು ನೀವು ಹೇಳಿದ ಆ 10 ರೂಪಾಯಿಯಲ್ಲಿ. ರಾಜ್ಯ ತನ್ನ ಪಾಲು ಕಮ್ಮಿ ಮಾಡಿಕೊಳ್ಳುತ್ತಲ್ಲ, ಅಲ್ಲಿ.

ಇನ್ನೊಂದು ಮಾತು. ಇಷ್ಟೆಲ್ಲ ಗೊತ್ತಿದ್ರೂ ಗ್ರೀನ್ ಕಾರ್ಡ್ ಕ್ಯೂನಲ್ಲಿರೋ ನನಗೆ ಓಟಿಲ್ಲ. ಗ್ರೀನ್ ಕಾರ್ಡ್ ಸಿಕ್ಕಿದ್ರೂ ಇಲ್ಲ, ಪೌರತ್ವ ಬೇಕು. ಫ್ರಿಸ್ಕೋ ಶಾಲೆಗಳಲ್ಲಿ ಈಗ ಅತಿ ದೊಡ್ಡ ಗುಂಪು ಏಷ್ಯನ್ ಮೂಲದ ಮಕ್ಕಳದು. ಅವರಲ್ಲಿ ಎಷ್ಟು ಮಕ್ಕಳ ಅಪ್ಪ ಅಮ್ಮ ತೆರಿಗೆ ಕಟ್ಟಿ ಬಾಯಿ ಮುಚ್ಚಿಕೊಂಡು ಇರಬೇಕು ಯೋಚನೆ ಮಾಡಿ. ಮೇ ಚುನಾವಣೆಗೆ ಓಟಿರೋರೇ ಬರಲ್ಲ, ಅದು ಬೇರೆ.

ಹುಬ್ಬಳ್ಳಿ ಮಂದಿ

ಇಬಿಟೂ ಅವ್ರ, ಆ ಹತ್ತು ರೂಪಾಯಿ ಲೆಕ್ಕ ಛಲೋ ತಿಳೀತು. ಆದ್ರ ಅದ ನನ್ನ ವಾದನೂ ಆಗತೈತಲ್ಲ? ನಾವು ಇಲ್ಲೆ ಜಾಸ್ತಿ ಕೊಟ್ಟಷ್ಟೂ ಆಸ್ಟಿನ್‌ದವ್ರು ಕಮ್ಮಿ ಕೊಡ್ತಾರ ಅಂದ್ರ ನಾ ಯಾಕ ಕೊಡ್ಲಿ? ಕೊಡಾಂಗಿಲ್ಲ ಅಂದಾಗರ ಅವ್ರಿಗೆ ಬಿಸಿ ತಾಗತೈತಿ.

ಕಾಲಿನ್ ಕೌಂಟಿ ಹಳಬ

2024ರ ತೆರಿಗೆ ಏರಿಕೆಯಲ್ಲಿ ಕೇಳಿದ್ದು ಆ ಬಗೆಯ ದುಡ್ಡಲ್ಲ. ದರದ ಮೇಲ್ತುದಿಯಲ್ಲಿ ಕೆಲವು ಸೆಂಟು ಇರ್ತವೆ, ಅವಕ್ಕೆ ಗೋಲ್ಡನ್ ಪೆನ್ನಿ ಅಂತಾರೆ. ಅದರಿಂದ ಬಂದದ್ದಕ್ಕೆ ರೀಕ್ಯಾಪ್ಚರ್ ಇಲ್ಲ, ಪೂರ್ತಿ ಇಲ್ಲೇ ಉಳಿಯುತ್ತೆ. ಮನೆ ಬೆಲೆಯ 100 ಡಾಲರ್‌ಗೆ ಅಂಥ ಮೂರು ಸೆಂಟಿಗಿಂತ ಸ್ವಲ್ಪ ಕಮ್ಮಿ ಕೇಳಿದ್ರು. ಆರು ಲಕ್ಷದ ಮನೆ, ಆಗಿನ ಹೋಮ್‌ಸ್ಟೆಡ್ ವಿನಾಯಿತಿ (ಸ್ವಂತ ವಾಸದ ಮನೆಗೆ ಸಿಗೋದು) ಒಂದು ಲಕ್ಷ ಕಳೆದ್ರೆ ಉಳಿದ ಐದು ಲಕ್ಷದ ಮೇಲೆ ವರ್ಷಕ್ಕೆ 150 ಡಾಲರ್ ಒಳಗೆ. ಒಟ್ಟು ದರ 2018ರಲ್ಲಿ 100 ಡಾಲರ್‌ಗೆ 1.44 ಇದ್ದದ್ದು ಆಗ ಸುಮಾರು 1.03ಕ್ಕೆ ಇಳಿದಿತ್ತು. ಹೋಮ್‌ಸ್ಟೆಡ್ ವಿನಾಯಿತಿಯನ್ನ 2025ರ ನವೆಂಬರಲ್ಲಿ 1,40,000ಕ್ಕೆ ಏರಿಸಿದ್ದಾರೆ. ನಿಮಗೆ 65 ದಾಟಿದ್ರೆ ಶಾಲಾ ತೆರಿಗೆ ಮೊತ್ತ ಅಲ್ಲಿಗೇ ನಿಂತುಬಿಡುತ್ತೆ.

ಮತಪತ್ರ ನೋಡಿದ್ರೆ ಇದ್ಯಾವುದೂ ಗೊತ್ತಾಗಲ್ಲ. ಬಾಂಡ್ ಪ್ರಶ್ನೆಯ ಕೆಳಗೆ "ಇದು ಆಸ್ತಿ ತೆರಿಗೆ ಏರಿಕೆ" ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಲೇಬೇಕು. ಬಾಂಡಿಂದ ದರ ಒಂದು ಪೈಸೆ ಏರದಿದ್ರೂ ಹಾಕಬೇಕು. 2019ರ ಕಾನೂನು ಅದು. ಯಂತ್ರದ ಮುಂದೆ ನಿಂತವರು ಆ ಸಾಲು ಓದಿ "ಬೇಡ" ಒತ್ತಿ ಬಂದ್ರೆ ಅವರನ್ನ ಬೈಯೋಕೂ ಆಗಲ್ಲ.

ಹುಬ್ಬಳ್ಳಿ ಮಂದಿ

ಗೋಲ್ಡನ್ ಪೆನ್ನಿಗೆ ಮುಂದಿನ ಸಲ "ಹೂಂ" ಅಂದೇನು. ಬಾಂಡಿಗೆ ಮಾತ್ರ ಒಂದೊಂದು ಐಟಂ ಓದೇ ಓದ್ತೀನಿ. ಒಪ್ಪಿಗಿ ಏನ್ರಿ?

ಪುತ್ತೂರಿನ ಅಮ್ಮ

ಇಲ್ಲಿ ಶಾಲೆಯ ಒಳಗಿನ ಸಂಗತಿ ಯಾರೂ ಹೇಳುವುದಿಲ್ಲ ಮಾರಾಯ್ರೆ, ನಾನು ಹೇಳ್ತೇನೆ. ನಾನು ಈ ಭಾಗದ ಒಂದು ಎಲಿಮೆಂಟರಿಯಲ್ಲಿ ಏಡ್ (ಟೀಚರ್‌ಗೆ ಸಹಾಯಕಿ) ಆಗಿ ಕೆಲಸ ಮಾಡುವುದು, ಯಾವ ಜಿಲ್ಲೆ ಅಂತ ಬೇಡ. ನಿಮಗೆಲ್ಲ ಗೊತ್ತುಂಟಾ, ಟೆಕ್ಸಸ್ಸಿನಲ್ಲಿ ದುಡ್ಡು ಸಿಗುವುದು ಸೇರಿದ ಮಕ್ಕಳ ಲೆಕ್ಕಕ್ಕಲ್ಲ, ದಿನಾ ಹಾಜರಿದ್ದ ಮಕ್ಕಳ ಸರಾಸರಿಗೆ. ದಿನದಲ್ಲಿ ಒಂದು ನಿಗದಿತ ಹೊತ್ತು ಉಂಟು, ಆಗ ಮಗು ತರಗತಿಯಲ್ಲಿದ್ದರೆ ಲೆಕ್ಕಕ್ಕೆ ಬಂತು. ದಂತವೈದ್ಯರ ಹತ್ತಿರ ಹೋದರೂ ಚೀಟಿ ತನ್ನಿ ಅಂತ ಆಫೀಸಿನವರು ಬೆನ್ನು ಹತ್ತುವುದು ಅದಕ್ಕೇ.

ನಮ್ಮವರು ಎಂತ ಮಾಡುವುದು? ಡಿಸೆಂಬರ್ ರಜೆಗೆ ಎರಡು ವಾರ ಮೊದಲೇ ಊರಿಗೆ ಹೊರಡುವುದು, ಟಿಕೆಟ್ ಅಗ್ಗ ಅಂತ. ಬರುವಾಗ ಜನವರಿ ಮೂರನೇ ವಾರ. 6,000 ಚಿಲ್ಲರೆಯನ್ನು ಶಾಲೆಯ ದಿನಗಳಿಂದ ಭಾಗಿಸಿ ನೋಡಿ, ಒಂದು ಮಗು ಒಂದು ದಿನ ಬಾರದಿದ್ದರೆ 35 ಡಾಲರ್ ಹತ್ತಿರ ಹೋಯಿತು. ನಮ್ಮ ತರಗತಿಯಲ್ಲಿ ಡಿಸೆಂಬರ್ ಎರಡನೇ ವಾರ ಅರ್ಧ ಕುರ್ಚಿ ಖಾಲಿ. ಟೀಚರ್‌ಗೆ ಸಂಬಳ ಅಷ್ಟೇ, ಲೈಟು ಅಷ್ಟೇ, ಬಸ್ಸು ಅಷ್ಟೇ. ಅಜ್ಜಿ ಮನೆಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಹೋದವಳೇ. ಆದರೆ ಹೊರಡುವ ಮೊದಲು ಶಾಲೆಯ ಕ್ಯಾಲೆಂಡರ್ ನೋಡಿ. ಶೇಕಡಾ 90 ಹಾಜರಿ ಇಲ್ಲದಿದ್ದರೆ ಕ್ರೆಡಿಟ್ಟಿಗೂ ತೊಂದರೆ ಆಗ್ತದೆ.

ಮತ್ತೆ ಸಂಬಳದ ವಿಷಯ. 2025ರ ಕಾನೂನಿನಲ್ಲಿ ಟೀಚರ್‌ಗಳಿಗೆ ನೇರವಾಗಿ ಏರಿಕೆ ಕೊಟ್ಟದ್ದು ಒಳ್ಳೆಯದಾಯಿತು. ಆದರೆ 5,000 ಮಕ್ಕಳಿಗಿಂತ ದೊಡ್ಡ ಜಿಲ್ಲೆಯಲ್ಲಿ ಐದು ವರ್ಷ ದಾಟಿದವರಿಗೆ 5,000 ಡಾಲರ್, ಸಣ್ಣ ಜಿಲ್ಲೆಯಲ್ಲಾದರೆ 8,000. ಇಲ್ಲಿ ಬಾಡಿಗೆ ಎಷ್ಟು, ಹಳ್ಳಿಯಲ್ಲಿ ಎಷ್ಟು? ನನ್ನ ಜೊತೆ ಕೆಲಸ ಮಾಡುವವರು ಹೆಚ್ಚಿನವರು ನಲವತ್ತು ನಿಮಿಷ ಡ್ರೈವ್ ಮಾಡಿ ಬರುವುದು. 2023ರಲ್ಲಿ ಪ್ರತಿ ಶಾಲೆಗೂ ಬಂದೂಕು ಹಿಡಿದ ಅಧಿಕಾರಿ ಇರಬೇಕು ಅಂತ ಕಾನೂನು ಮಾಡಿದರು, ಯುವಾಲ್ಡಿಯ ಶಾಲೆಯಲ್ಲಿ ಗುಂಡೇಟಿಗೆ ಮಕ್ಕಳು ಸತ್ತ ಮೇಲೆ. ಬೇಕಾದ್ದೇ. ಅದಕ್ಕೆ ಆಗ ರಾಜ್ಯ ಕೊಟ್ಟದ್ದು ಶಾಲೆಗೆ 15,000 ಡಾಲರ್, ಮಗುವಿಗೆ ಇನ್ನು ಹತ್ತು. ಅಷ್ಟರಲ್ಲಿ ಯಾವ ಪೊಲೀಸ್ ಬರ್ತಾನೆ? ಉಳಿದದ್ದು ಅದೇ ಸಂಬಳದ ಜೇಬಿನಿಂದ.

ಅರಸೀಕೆರೆ ಎಕ್ಸ್‌ಪ್ರೆಸ್

ಅಮ್ಮ, ನಾವೂ ಡಿಸೆಂಬರ್ 8ಕ್ಕೆ ಟಿಕೆಟ್ ಮಾಡಿಸಿದ್ದೀವಿ! ಮಗಳು ಇನ್ನೂ ಶಾಲೆಗೆ ಸೇರಿಲ್ಲ, ಈ ಸಲ ಬಚಾವ್.

ದುಡ್ಡಿನ ವಿಷಯ ಅರ್ಥ ಆಯ್ತು. ಓದು ಹೇಗೆ? ರೇಟಿಂಗ್ ಎ ಯಿಂದ ಬಿ ಗೆ ಬಿತ್ತು ಅಂತೆಲ್ಲ ಗುಂಪುಗಳಲ್ಲಿ ಹೆದರಿಸ್ತಾರೆ.

ಮೇಷ್ಟ್ರ ಮಗಳು

ರಾಜ್ಯ ಶಾಲೆಗಳಿಗೆ ಕೊಡೋ ಆ ಎ-ಎಫ್ ರೇಟಿಂಗ್ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. 2023ರಲ್ಲಿ ರಾಜ್ಯದವರು ಅಳತೆಗೋಲನ್ನೇ ಬದಲಾಯಿಸಿದ್ರು. ಹೈಸ್ಕೂಲ್ ಮುಗಿಸಿದವರಲ್ಲಿ ಕಾಲೇಜು, ಕೆಲಸ ಅಥವಾ ಸೇನೆಗೆ ಸಿದ್ಧರಾದವರು ಶೇಕಡಾ 60 ಇದ್ರೆ ಎ ಕೊಡ್ತಿದ್ದದ್ದನ್ನ 88ಕ್ಕೆ ಏರಿಸಿದ್ರು, ಅದೂ ಆಗಲೇ ಶಾಲೆ ಬಿಟ್ಟುಹೋದ ಮಕ್ಕಳ ಲೆಕ್ಕಕ್ಕೆ. ನೂರಕ್ಕೂ ಹೆಚ್ಚು ಜಿಲ್ಲೆಗಳು ಕೋರ್ಟಿಗೆ ಹೋದವು. 2023ರ ರೇಟಿಂಗ್ ಹೊರಗೆ ಬಂದದ್ದು 2025ರ ಏಪ್ರಿಲಲ್ಲಿ! ರಾಜ್ಯದ ಸ್ಟಾರ್ ಪರೀಕ್ಷೆಯನ್ನೇ 2027-28ರಿಂದ ತೆಗೆದು ವರ್ಷಕ್ಕೆ ಮೂರು ಸಣ್ಣ ಪರೀಕ್ಷೆ ಮಾಡ್ತಾರೆ. ಕಿಂಡರ್‌ಗಾರ್ಟನ್ ಮಗುವಿನ ತಾಯ್ತಂದೆ ಈಗಿನ ಅಕ್ಷರ ನೋಡಿ ಮನೆ ತಗೊಂಡ್ರೆ ಏನು ಉಪಯೋಗ?

ರೇಟಿಂಗಿಗೆ ಹಲ್ಲಿಲ್ಲ ಅಂತಲ್ಲ. ಒಂದೇ ಶಾಲೆ ಐದು ವರ್ಷ ಸತತ ಫೇಲಾದ್ರೂ ರಾಜ್ಯ ಇಡೀ ಜಿಲ್ಲೆಯ ಆಡಳಿತ ಕಿತ್ತುಕೊಳ್ಳಬಹುದು. ಹ್ಯೂಸ್ಟನ್‌ಗೆ 2023ರಲ್ಲಿ ಹಾಗಾಯ್ತು. 2025ರ ಅಕ್ಟೋಬರಲ್ಲಿ ನಮ್ಮ ಪಕ್ಕದ ಫೋರ್ಟ್ ವರ್ತ್ ಸರದಿ. ಜನ ಆರಿಸಿದ ಟ್ರಸ್ಟಿಗಳ ಜಾಗಕ್ಕೆ ರಾಜ್ಯದವರು ನೇಮಿಸಿದವರು ಬಂದು ಕೂರ್ತಾರೆ. ಫ್ರಿಸ್ಕೋ, ಪ್ಲೇನೋಗೆ ಆ ಭಯ ಇಲ್ಲ.

ನಿಜವಾಗ್ಲೂ ನೋಡಬೇಕಾದ್ದು ಹೈಸ್ಕೂಲ್ ಹೇಗೆ ಕಟ್ಟಿದ್ದಾರೆ ಅನ್ನೋದು. ಪ್ಲೇನೋದಲ್ಲಿ 9, 10ಕ್ಕೆ ಬೇರೆ ಕ್ಯಾಂಪಸ್‌ಗಳು, 11, 12ಕ್ಕೆ ಮೂರೇ ಮೂರು ದೊಡ್ಡ ಸೀನಿಯರ್ ಹೈ. ಫ್ರಿಸ್ಕೋ ಸಣ್ಣ ಹೈಸ್ಕೂಲೇ ಬೇಕು ಅಂತ ಹಟ ಹಿಡಿದು ಹನ್ನೆರಡು ಕಟ್ಟಿದೆ. ಸಣ್ಣದರಲ್ಲಿ ಬ್ಯಾಂಡ್, ನಾಟಕ, ಟೀಮು, ಡಿಬೇಟ್ ಎಲ್ಲದಕ್ಕೂ ಹೆಚ್ಚು ಮಕ್ಕಳಿಗೆ ಜಾಗ ಸಿಗುತ್ತೆ. ಆದ್ರೆ ಹನ್ನೆರಡು ಪ್ರಿನ್ಸಿಪಾಲ್, ಹನ್ನೆರಡು ಬ್ಯಾಂಡ್ ಹಾಲ್. ಮಕ್ಕಳು ಸೇರ್ತಾ ಇದ್ದಾಗ ಚೆಂದ. ಸಂಖ್ಯೆ ಇಳಿಯೋಕೆ ಶುರುವಾದ್ರೆ ಈ ಖರ್ಚೇ ಮೊದಲು ಕಚ್ಚೋದು.

ನಮ್ಮವರ ಪೂರ್ತಿ ಚಿಂತೆ ರ‍್ಯಾಂಕ್. 1997ರ ಕಾನೂನಿನ ಪ್ರಕಾರ ಶಾಲೆಯ ಮೇಲಿನ ಶೇಕಡಾ 10 ಮಕ್ಕಳಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಯುಟಿ ಆಸ್ಟಿನ್‌ಗೆ ಮಾತ್ರ ಅದು ಶೇಕಡಾ 6ಕ್ಕೆ ಇಳಿದು, 2026ರ ಪ್ರವೇಶಕ್ಕೆ 5 ಆಗಿದೆ. ಐನೂರು ಮಕ್ಕಳ ತರಗತಿಯಲ್ಲಿ 25 ಜನ. "ಅತ್ಯುತ್ತಮ" ಅಂತ ನೀವು ಹುಡುಕಿ ಹುಡುಕಿ ಹೋದ ಶಾಲೆಯಲ್ಲಿ ಆ 25ರೊಳಗೆ ಬರೋದು ಎಷ್ಟು ಕಷ್ಟ ಅಂತ ಎಂಟನೇ ಕ್ಲಾಸಿನ ಹೊತ್ತಿಗೆ ತಿಳಿಯುತ್ತೆ. ಸ್ವಲ್ಪ ಹೆಸರು ಕಮ್ಮಿ ಇರೋ ಶಾಲೆಗೆ ಬೇಕಂತಲೇ ಮನೆ ಬದಲಾಯಿಸಿದ ಕುಟುಂಬಗಳನ್ನ ನಾನು ನೋಡಿದ್ದೀನಿ. ನಾನಂತೂ ಅದನ್ನ ಮಾಡಲಾರೆ.

ಇಬಿಟೂ ಕ್ಯೂನಲ್ಲಿ

ಅಕ್ಕ, ಸಂಖ್ಯೆ ಇಳಿಯೋದು ಯಾಕೆ? ಜನ ಬರ್ತಾನೇ ಇದ್ದಾರಲ್ಲ?

ಮೇಷ್ಟ್ರ ಮಗಳು

ಜನ ಬರ್ತಾರೆ, ಮಕ್ಕಳು ಬರಲ್ಲ. ಫ್ರಿಸ್ಕೋ ಜನಸಂಖ್ಯೆ 2000ದಲ್ಲಿ 33,714, 2020ರಲ್ಲಿ ಎರಡು ಲಕ್ಷ. ಆ ಇಪ್ಪತ್ತು ವರ್ಷದಲ್ಲಿ ಮನೆ ಕೊಂಡವರೆಲ್ಲ ಚಿಕ್ಕ ಮಕ್ಕಳನ್ನ ಎತ್ತಿಕೊಂಡು ಬಂದವರು. ಆ ಮಕ್ಕಳು ಕಾಲೇಜಿಗೆ ಹೋದ್ರು, ಅಪ್ಪ ಅಮ್ಮ ಅದೇ ಮನೆಯಲ್ಲಿ ಕೂತಿದ್ದಾರೆ. ಸಾಲದ ಬಡ್ಡಿ ಶೇಕಡಾ 3 ಇದ್ದಾಗ ತಗೊಂಡವರು ಈಗ ಯಾಕೆ ಮಾರ್ತಾರೆ? ಹೊಸ ದಂಪತಿಗೆ ಇಲ್ಲಿ ಕೈಗೆಟಕಲ್ಲ, ಪ್ರಾಸ್ಪರ್, ಸೆಲೈನಾ ಕಡೆ ಹೋಗ್ತಾರೆ. ಪ್ಲೇನೋ ಇದನ್ನ ಹತ್ತು ವರ್ಷ ಮೊದಲೇ ನೋಡಿತು. ಅಲ್ಲಿ ಒಂದು ಕಾಲಕ್ಕೆ 55,000 ದಾಟಿದ್ದ ಮಕ್ಕಳು ಈಗ 48,000ಕ್ಕಿಂತ ಕಮ್ಮಿ. ಡೇವಿಸ್, ಫೋರ್ಮನ್ ಎಲಿಮೆಂಟರಿ, ಆರ್ಮ್‌ಸ್ಟ್ರಾಂಗ್, ಕಾರ್ಪೆಂಟರ್ ಮಿಡಲ್ ಮುಚ್ಚಿದ್ದು ಇದಕ್ಕೇ. ಅದು ಕೆಟ್ಟ ಆಡಳಿತ ಅಂತ ನನಗನ್ನಿಸಲ್ಲ, ತಡವಾಗಿ ಮಾಡಿದ ಸರಿಯಾದ ಕೆಲಸ. ಇದರ ಮೇಲೆ 2026-27ರಿಂದ ವೋಚರ್ ಬರುತ್ತೆ, ಒಂದು ಬಿಲಿಯನ್ ಡಾಲರಿನದು. ಎಷ್ಟು ಮಕ್ಕಳು ಖಾಸಗಿಗೆ ಹಾರ್ತಾರೋ ನೋಡಬೇಕು.

ಪುತ್ತೂರಿನ ಅಮ್ಮ

ಊರಿನ ಎಸ್‌ಡಿಎಂಸಿ ನೆನಪಾಗ್ತದೆ ನನಗೆ. ಅಲ್ಲಿ ಮಕ್ಕಳ ಅಪ್ಪ ಅಮ್ಮಂದಿರೇ ಸದಸ್ಯರು, ಬಿಸಿಯೂಟ ನೋಡುವುದು, ಕಾಂಪೌಂಡು ಬಿದ್ದರೆ ಅರ್ಜಿ ಕೊಡುವುದು. ತೆರಿಗೆ ಹಾಕುವ ಅಧಿಕಾರ ಇಲ್ಲ, ಟೀಚರ್‌ನ್ನು ನೇಮಿಸುವ ಅಧಿಕಾರ ಇಲ್ಲ. ಇಲ್ಲಿ ಎರಡೂ ಉಂಟು, ಕೇಳುವವರು ಮಾತ್ರ ಸಭೆಗೆ ಬರುವುದಿಲ್ಲ. ಇಬಿಟೂ ಅವರೇ, ಓಟಿಲ್ಲ ಅಂತ ಸುಮ್ಮನೆ ಕೂರಬೇಡಿ. ಸಭೆಯಲ್ಲಿ ಮಾತಾಡಲಿಕ್ಕೆ ಪೌರತ್ವ ಬೇಡ. ಅಜೆಂಡಾದಲ್ಲಿರುವ ವಿಷಯದ ಬಗ್ಗೆ ಸಾರ್ವಜನಿಕರಿಗೆ ಮಾತಾಡಲು ಬಿಡಲೇಬೇಕು ಅಂತ 2019ರಲ್ಲಿ ಕಾನೂನಾಗಿದೆ. ಮೊದಲೇ ಹೆಸರು ಬರೆಸಿ, ಕೆಲವೇ ನಿಮಿಷ ಸಿಗ್ತದೆ, ಬರೆದುಕೊಂಡು ಹೋಗಿ ಓದಿ.

ಇಬಿಟೂ ಕ್ಯೂನಲ್ಲಿ

ಹೋಗ್ತೀನಮ್ಮ. ಬಜೆಟ್ ಸಭೆ ಜೂನಲ್ಲಿ ಅಲ್ವಾ? ಯಾರಾದ್ರೂ ಜೊತೆಗೆ ಬಂದ್ರೆ ಧೈರ್ಯ.

ಅರಸೀಕೆರೆ ಎಕ್ಸ್‌ಪ್ರೆಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದ್ರೆ ಮನೆ ತಗೊಳ್ಳೋ ಮುಂಚೆ ನಾನು ಮಾಡಬೇಕಾದ್ದೇನು, ಒಂದೇ ಮಾತಲ್ಲಿ?

ಕಾಲಿನ್ ಕೌಂಟಿ ಹಳಬ

ಒಂದೇ ಮಾತಲ್ಲಿ ಆಗಲ್ಲ ಗುರುವೇ. ಮನೆಯ ವಿಳಾಸವನ್ನ ಐಎಸ್‌ಡಿ ಜಾಲತಾಣದ ಹುಡುಕಾಟದಲ್ಲಿ ಹಾಕಿ ನೋಡಿ, ಏಜೆಂಟ್ ಮಾತು ನಂಬಬೇಡಿ. ಆ ಎಲಿಮೆಂಟರಿಯಲ್ಲಿ ಕಟ್ಟಡಕ್ಕೆ ಹಿಡಿಯೋ ಮಕ್ಕಳು ಎಷ್ಟು, ಈಗಿರೋದು ಎಷ್ಟು ಅಂತ ಬೋರ್ಡ್ ಸಭೆಯ ಕಡತಗಳಲ್ಲಿ ಇರುತ್ತೆ. ಅರ್ಧ ಖಾಲಿ ಇರೋ ಹಳೇ ಕಟ್ಟಡ ಅಂದ್ರೆ ಐದು ವರ್ಷದಲ್ಲಿ ಗೆರೆ ಬದಲಾಗುತ್ತೆ ಅಂತಲೇ ಲೆಕ್ಕ ಹಾಕಿ. ಹೋದ ಮೇಲೆ ಮೊದಲು ಹೋಮ್‌ಸ್ಟೆಡ್ ಅರ್ಜಿ ಹಾಕಿ, ಅದು ತಾನಾಗಿ ಬರಲ್ಲ.

ಹುಬ್ಬಳ್ಳಿ ಮಂದಿ

ಅಪ್ರೈಸಲ್ ಪ್ರೊಟೆಸ್ಟ್ ಮಾಡೂದು ಮೇ 15ರೊಳಗ, ಅದನ್ನೂ ಬರಕೋರಿ. ಮೇ ಮೊದಲ್ನೇ ಶನಿವಾರ ಓಟ್, ಆಮ್ಯಾಲ ಪ್ರೊಟೆಸ್ಟ್. ನಮ್ಮ ಮಂದಿ ಎರಡನೇದಕ್ಕ ಎಲ್ಲಾರೂ ಹೋಗ್ತಾರ, ಮೊದಲ್ನೇದಕ್ಕ ಯಾರೂ ಬರೂದಿಲ್ಲ.